ಹಾರ್ಡ್ ಡಿಸ್ಕ್‌ಗೆ ಬೀಗ ಇದೆ, ಕೀಲಿ ಎಲ್ಲಿದೆ?

ದಾವಣಗೆರೆ: ಮಂಡಿಪೇಟೆಯಿರಲಿ, ಹರಿಹರದ ಅಂಗಡಿಯಿರಲಿ, ಉದ್ರಿ ಲೆಕ್ಕ, ಜಿಎಸ್‌ಟಿ ಬಿಲ್ಲು, ಗಿರಾಕಿಗಳ ಆಧಾರ್ ಪ್ರತಿ ಎಲ್ಲಾ ಈಗ ಲ್ಯಾಪ್‌ಟಾಪ್‌ನಲ್ಲೇ. ಅದು ಕಳುವಾದ್ರೆ? ‘ಡಿಸ್ಕೇ ಎನ್‌ಕ್ರಿಪ್ಟ್ ಮಾಡುತ್ತೆ ಬಿಡ್ರಿ’ ಅನ್ನೋರು ಇದನ್ನೊಮ್ಮೆ ಓದಿ.

2018ರ ನವೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಕ್ರೂಷಿಯಲ್ ಎಂಎಕ್ಸ್100, 200, 300 ಮತ್ತು ಸ್ಯಾಮ್‌ಸಂಗ್ 840 ಇವೊ, 850 ಇವೊ, ಟಿ3, ಟಿ5 ಎಸ್‌ಎಸ್‌ಡಿಗಳಲ್ಲಿ ದೋಷ ಇರುವುದನ್ನು ಬಯಲು ಮಾಡಿದರು. ಕೆಲವು ಡ್ರೈವ್‌ಗಳಲ್ಲಿ ಮಾಹಿತಿ ಗೂಢಲಿಪಿಯಲ್ಲೇ ಇತ್ತು. ಆದರೆ ಅದನ್ನು ಬಿಡಿಸುವ ಕೀಲಿಗೂ ಮಾಲೀಕರ ಪಾಸ್‌ವರ್ಡ್‌ಗೂ ಸಂಬಂಧವೇ ಇರಲಿಲ್ಲ. ಶಟರ್‌ಗೆ ದೊಡ್ಡ ಬೀಗ ಜಡಿದು ಕೀಲಿಯನ್ನು ಪಕ್ಕದ ಮೊಳೆಗೆ ನೇತು ಹಾಕಿದಂಗೆ! ಡ್ರೈವ್ ಒಳಗಿನ ಪ್ರೋಗ್ರಾಂ ತಿದ್ದಿದರೆ ಯಾವ ಪಾಸ್‌ವರ್ಡ್ ಕೊಟ್ಟರೂ ತೆರೆದುಕೊಳ್ಳುತ್ತಿತ್ತು.

ಇನ್ನೊಂದು ತಾಪತ್ರಯ ವಿಂಡೋಸ್‌ನ ಬಿಟ್‌ಲಾಕರ್‌ದು. ‘ನಾನೇ ಮಾಡ್ತೀನಿ’ ಅಂತ ಡ್ರೈವ್ ಹೇಳಿದರೆ ಅದು ಕೆಲಸವನ್ನು ಡ್ರೈವ್‌ಗೇ ಒಪ್ಪಿಸಿಬಿಡುತ್ತಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಇದನ್ನು ಬದಲಿಸಿತು, ಆದರೆ ಹೊಸದಾಗಿ ಎನ್‌ಕ್ರಿಪ್ಟ್ ಮಾಡುವ ಡ್ರೈವ್‌ಗಳಿಗೆ ಮಾತ್ರ. ಹಳೆಯವು ಹಾಗೇ ಉಳಿದವು.

ಹಾಗಂತ ಜೇಬುಗಳ್ಳನಿಗೆ ಇದೆಲ್ಲ ಬರಲ್ಲ. ಏನೂ ಹಾಕದೇ ಬಿಡೋದಕ್ಕಿಂತ ಈ ಬೀಗವೇ ಮೇಲು. ಆದರೂ ಹಳೇ ಲ್ಯಾಪ್‌ಟಾಪ್ ಇದ್ದರೆ ನಿಮ್ಮ ಕಂಪ್ಯೂಟರ್ ರಿಪೇರಿಯವರಿಗೆ ‘ಮ್ಯಾನೇಜ್-ಬಿಡಿಇ ಸ್ಟೇಟಸ್ ನೋಡಿ’ ಅನ್ನಿ. ಅಲ್ಲಿ ‘ಹಾರ್ಡ್‌ವೇರ್ ಎನ್‌ಕ್ರಿಪ್ಷನ್’ ಅಂತ ಬಂದರೆ ಮೊದಲು ಬ್ಯಾಕಪ್ ತೆಗೆಸಿ. ನಂತರ ಬಿಟ್‌ಲಾಕರ್ ಪೂರ್ತಿ ಆಫ್ ಮಾಡಿಸಿ, ಸಾಫ್ಟ್‌ವೇರ್ ವಿಧಾನದಲ್ಲೇ ಮತ್ತೆ ಆನ್ ಮಾಡಿಸಿ. ಬಿಟ್‌ಲಾಕರ್ ಇಲ್ಲದವರಿಗೆ ವೆರಾಕ್ರಿಪ್ಟ್ ಉಚಿತ. ಬಿಟ್‌ಲಾಕರ್‌ನ ರಿಕವರಿ ಕೀ ಪ್ರಿಂಟ್ ತೆಗೆದು ಮನೆಯ ಬೀರುವಿನಲ್ಲಿಡಿ, ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಬೇಡ.