ಕ್ವಾಲಿಸ್‌ನಿಂದ ಹೈಕ್ರಾಸ್‌ವರೆಗೆ: ಒಂದು ವಾಹನದ ನಾಲ್ಕು ತಲೆಮಾರುಗಳು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ನಾನು ಒಂದು ಪಾಠವನ್ನೇ ಬರೆದುಕೊಡುತ್ತೇನೆ ಎಂದೆನು. ಅದಕ್ಕೆ ಕಾರಣ ನಮ್ಮ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿ.

ಏಳನೆಯ ಇಯತ್ತೆಯವರೆಗೆ ಇಲ್ಲಿ ಕಲಿತ ಅವನು ಉದಗೀರದಿಂದ ಹೈದರಾಬಾದಿನ ಆಸ್ಪತ್ರೆಗಳಿಗೆ ರೋಗಿಗಳನ್ನೂ, ತುಳಜಾಪುರ ಪಂಢರಪುರಗಳಿಗೆ ಯಾತ್ರಿಕರನ್ನೂ ಬಾಡಿಗೆ ವಾಹನದಲ್ಲಿ ಕರೆದೊಯ್ದು ಸಂಸಾರ ನಡೆಸುತ್ತಾನೆ. 2023ರಲ್ಲಿ ಒಂದು ದಿನ ಮನೆಗೆ ಬಂದು, "ಗುರೂಜಿ, ಹಳೇ ಇನ್ನೋವಾ ಮುದಿ ಆಗ್ಯಾದ. ಡೀಸೆಲ್ ಕ್ರಿಸ್ಟಾ ತಗೋಬೇಕೊ, ಹೊಸಾ ಹೈಕ್ರಾಸ್ ತಗೋಬೇಕೊ? ಲೆಕ್ಕ ತಪ್ಪಿದರ ಐದು ವರ್ಷ ಸಾಲ ತೀರಸೋದೇ ಆಗ್ತದ್ರಿ" ಎಂದನು. ನಾನು ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ಮಾಸ್ತರ, ಯಂತ್ರಶಾಸ್ತ್ರವನ್ನು ಓದಿದವನಲ್ಲ. ಆದರೂ ಇಬ್ಬರೂ ಕೂಡಿ ವಿಚಾರ ಮಾಡಿದೆವು.

ದೇವಣಿ ತಳಿಯ ನಾಡಿನವರಾದ ನಮಗೆ ಹೋರಿಯ ಮೈಬಣ್ಣಕ್ಕೆ ಮರುಳಾಗದೆ ಅದರ ಹಲ್ಲು, ಗೊರಸು, ಎಲುಬಿನ ಕಟ್ಟುಗಳನ್ನು ಪರೀಕ್ಷಿಸುವುದು ರೂಢಿ. ವಾಹನದ ತಲೆಮಾರುಗಳನ್ನೂ ಹಾಗೆಯೇ ನೋಡಬೇಕು. ಅದರ ಉಸಿರು ಎಂಜಿನ್ನು. ಎಲುಬು ಅದರ ಚೌಕಟ್ಟು.

ಮೊದಲು ವಂಶಾವಳಿ. ಜಪಾನಿನ ಟೊಯೋಟ ಕಂಪನಿಯು 1997ರಲ್ಲಿ ಕಿರ್ಲೋಸ್ಕರ್ ಸಮೂಹದೊಡನೆ ಕೈಗೂಡಿಸಿತು. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮವನ್ನು ಆರಂಭಿಸಿದವರು. ಬೆಂಗಳೂರಿನ ಹತ್ತಿರದ ಬಿಡದಿಯ ಕಾರ್ಖಾನೆಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ, 2016ರಲ್ಲಿ ಇನ್ನೋವಾ ಕ್ರಿಸ್ಟಾ ಮಾರುಕಟ್ಟೆಗೆ ಬಂದವು. 2022ರ ನವೆಂಬರಿನಲ್ಲಿ ಹೈಕ್ರಾಸ್ ಅನಾವರಣಗೊಂಡಿತು. ಇವೆಲ್ಲವುಗಳ ಮೂಲ ಇಂಡೋನೇಷ್ಯಾದಲ್ಲಿ 1977ರಲ್ಲಿ ಹುಟ್ಟಿದ ಕಿಜಾಂಗ್ ಎಂಬ ವಾಹನ. ಆ ಹೆಸರಿಗೆ ಅಲ್ಲಿನ ಭಾಷೆಯಲ್ಲಿ ಜಿಂಕೆಯ ಒಂದು ಜಾತಿ ಎಂದರ್ಥ.

ಈಗ ಉಸಿರಿನ ವಿಚಾರ. ಕ್ವಾಲಿಸ್‌ನ ಡೀಸೆಲ್ ಎಂಜಿನ್ 2446 ಸಿ.ಸಿ.ಯದು, ಶಕ್ತಿ ಸುಮಾರು 75 ಅಶ್ವಶಕ್ತಿ. ಮೊದಲ ಇನ್ನೋವಾದ ಎಂಜಿನ್ 2494 ಸಿ.ಸಿ.; ಶಕ್ತಿ 102. ಗಾತ್ರ ಬಹುಮಟ್ಟಿಗೆ ಅಷ್ಟೇ ಇರುವಾಗ ಶಕ್ತಿ ಹೆಚ್ಚಿದ್ದು ಹೇಗೆ? ನಮ್ಮ ಒಲೆಯನ್ನೇ ನೆನೆಯಿರಿ. ಊದುಗೊಳವೆಯಿಂದ ಊದಿದರೆ ಅದೇ ಒಲೆ ಧಗಧಗಿಸುತ್ತದೆ. ಕಟ್ಟಿಗೆಯನ್ನು ಸಣ್ಣಗೆ ಸೀಳಿಟ್ಟರೆ ಹೊಗೆಯಿಲ್ಲದೆ ಉರಿಯುತ್ತದೆ. ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ತುಂಬುವ ಟರ್ಬೊ ಆ ಊದುಗೊಳವೆ. ಡೀಸೆಲ್ಲನ್ನು ಭಾರಿ ಒತ್ತಡದಲ್ಲಿಟ್ಟು ಮಂಜಿನಂತೆ ಸಿಂಪಡಿಸುವ ಕಾಮನ್ ರೈಲ್ ವ್ಯವಸ್ಥೆ ಆ ಸೀಳಿದ ಕಟ್ಟಿಗೆ. ಕ್ರಿಸ್ಟಾದಲ್ಲಿ ಎಂಜಿನ್ 2393 ಸಿ.ಸಿ.ಗೆ ಕುಗ್ಗಿತು, ಶಕ್ತಿ ಮಾತ್ರ 150ಕ್ಕೆ ಏರಿತು. ಹೈಕ್ರಾಸ್‌ನ ಹೈಬ್ರಿಡ್ ಮಾದರಿಯಲ್ಲಿ ಡೀಸೆಲ್ ಇಲ್ಲವೇ ಇಲ್ಲ. 1987 ಸಿ.ಸಿ. ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರು ಕೂಡಿ 186 ಅಶ್ವಶಕ್ತಿಯವರೆಗೆ ಕೊಡುತ್ತವೆ. ಬ್ರೇಕು ಒತ್ತಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯ ಒಂದಂಶ ಬ್ಯಾಟರಿಗೆ ಮರಳುತ್ತದೆ.

ಎಲುಬಿನಲ್ಲಿ ಆದ ಬದಲಾವಣೆ ಇನ್ನೂ ದೊಡ್ಡದು. ಮೊದಲ ಮೂರು ತಲೆಮಾರುಗಳಲ್ಲಿ ಏಣಿಯಂತಹ ಉಕ್ಕಿನ ಚೌಕಟ್ಟಿನ ಮೇಲೆ ಮೈಯನ್ನು ಕೂರಿಸಿತ್ತು. ಹಿಂದಿನ ಗಾಲಿಗಳು ವಾಹನವನ್ನು ದೂಡುತ್ತಿದ್ದವು. ಇದು ಚಕ್ಕಡಿಯ ಕ್ರಮ. ಹೈಕ್ರಾಸ್‌ನದು ತಗಡಿನ ಟ್ರಂಕಿನ ಕ್ರಮ: ಬೇರೆ ಚೌಕಟ್ಟಿಲ್ಲ, ಮೈಯೇ ಭಾರವನ್ನು ಹೊರುತ್ತದೆ, ಮುಂದಿನ ಗಾಲಿಗಳು ಎಳೆಯುತ್ತವೆ. ಇದರಿಂದ ತೂಕ ತಗ್ಗುತ್ತದೆ, ಒಳಗೆ ಸ್ಥಳ ಹೆಚ್ಚುತ್ತದೆ.

ಕೇವಲ ವೇಗಕ್ಕಾಗಿ ಹುಟ್ಟಿದ ಕಾರುಗಳ ವಂಶದಲ್ಲಿಯೂ ಹೀಗೆಯೇ. ಅದೇ ಟೊಯೋಟದ ಸುಪ್ರಾ ಎಂಬ ಕ್ರೀಡಾ ಕಾರು 1978ರಲ್ಲಿ ಜನಿಸಿತು. 1993ರ ನಾಲ್ಕನೆಯ ತಲೆಮಾರಿನ ಮೂರು ಲೀಟರಿನ, ಆರು ಸಿಲಿಂಡರಿನ ಎಂಜಿನ್ ಲೋಕಪ್ರಸಿದ್ಧವಾಯಿತು. 2002ರಲ್ಲಿ ನಿಂತುಹೋದ ಅದು 2019ರಲ್ಲಿ ಮರಳಿದಾಗ ಎಂಜಿನ್ ಜರ್ಮನಿಯ ಬಿ.ಎಂ.ಡಬ್ಲ್ಯು.ದಾಗಿತ್ತು, ಕಟ್ಟಿದ್ದು ಆಸ್ಟ್ರಿಯಾದಲ್ಲಿ. ಅಭಿಮಾನಿಗಳು ಮುನಿದರು. ಆದರೆ ಒಂದೇ ಸಾಲಿನಲ್ಲಿ ನಿಂತ ಆರು ಸಿಲಿಂಡರುಗಳೂ ಹಿಂದಿನ ಗಾಲಿಗಳ ನೂಕೂ ಅದರಲ್ಲಿ ಉಳಿದಿದ್ದವು.

ಇನ್ನು ನಮ್ಮ ವಿದ್ಯಾರ್ಥಿಯ ಪ್ರಶ್ನೆ. ಪದೇ ಪದೇ ಬ್ರೇಕು ಒತ್ತುವ ನಗರದಲ್ಲಿ ಹೈಬ್ರಿಡ್‌ಗೆ ಲಾಭ ಹೆಚ್ಚು. ಇವನದು ಜನ ತುಂಬಿದ ಗಾಡಿಯ ದೂರದ ಹೆದ್ದಾರಿ. ಮರಳಿ ದೊರೆಯುವ ಶಕ್ತಿ ಅಲ್ಲಿ ಕಡಿಮೆ. ಹೈಬ್ರಿಡ್‌ನ ಆರಂಭದ ಬೆಲೆಯೂ ಆಗ ಕ್ರಿಸ್ಟಾದ್ದಕ್ಕಿಂತ ಹೆಚ್ಚಿತ್ತು. ಆದ್ದರಿಂದ ಅವನು ಕ್ರಿಸ್ಟಾವನ್ನೇ ಕೊಂಡನು. ಹೊಸದು ಕೆಟ್ಟದ್ದೆಂದಲ್ಲ, ಅವನ ದಾರಿಗೆ ಹಳೆಯ ಎಲುಬು ಸಾಕಾಗಿತ್ತು. "ನನ್ನ ಮಗ ಓಡಿಸೂ ಹೊತ್ತಿಗೆ ಡೀಸೆಲ್ ಇರಂಗಿಲ್ಲೇನೊ ಗುರೂಜಿ" ಎಂದು ಅವನೇ ನಕ್ಕನು.

ಊದುಗೊಳವೆ ಎಂದೊಡನೆ ಅವನಿಗೆ ಟರ್ಬೊ ತಿಳಿಯಿತು. ಕಾಮನ್ ರೈಲಿನ ವಿಷಯವನ್ನು ಅವನೇ ನನಗೆ ತಿದ್ದಿ ಹೇಳಿದನು. ಯಂತ್ರದ ವಿದ್ಯೆ ಕನ್ನಡಕ್ಕೆ ದಕ್ಕದೆಂದು ಹೇಳಿ ಮಕ್ಕಳನ್ನು ಈ ಶಾಲೆಯಿಂದ ಬಿಡಿಸಿಕೊಂಡು ಹೋಗುವ ಪಾಲಕರನ್ನು ನಾನು ಬಹಳ ಕಂಡಿದ್ದೇನೆ. ಅವರಿಗೆ ಅಂದು ಕೊಡಲಾಗದ ಉತ್ತರವನ್ನು ಈ ವಿದ್ಯಾರ್ಥಿ ಕೊಟ್ಟಿದ್ದಾನೆ.

ನಾಲ್ಕು ತಲೆಮಾರುಗಳಲ್ಲಿ ಎಂಜಿನ್ ಬದಲಾಯಿತು, ಇಂಧನ ಬದಲಾಯಿತು, ಎಲುಬೂ ಬದಲಾಯಿತು. ಇಡೀ ಮನೆಮಂದಿ ಕೂಡುವ ಮೂರು ಸಾಲಿನ ಆಸನಗಳು ಮಾತ್ರ ಉಳಿದವು. ಜನ ಅದನ್ನು ಕೊಂಡದ್ದೇ ಅದಕ್ಕಾಗಿ. ನಮ್ಮ ಶಾಲೆಗೂ ಗಣಕಯಂತ್ರ ಬರಲಿ, ಮರಾಠಿ ಇಂಗ್ಲಿಷುಗಳನ್ನು ಇನ್ನೂ ಚೆನ್ನಾಗಿ ಕಲಿಸಲಿ. ಮಗುವಿಗೆ ತಿಳಿಯುವ ಭಾಷೆಯಲ್ಲಿ ತಿಳಿಯಹೇಳುವ ಕ್ರಮವೊಂದನ್ನು ಬಿಡದಿರಲಿ ಎಂಬುದು ಈ ಹಳೆಯ ಮಾಸ್ತರನ ಪ್ರಾರ್ಥನೆ.