ನಿಶ್ಶಬ್ದ ತರಗತಿಯ ಹಿಂದಿನ ಸಾಲು

1998ರ ಜೂನ್ ತಿಂಗಳಲ್ಲಿ ತುಮಕೂರು ಜಿಲ್ಲೆಯ ಒಂದು ಸಣ್ಣ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಶಿಕ್ಷಕಿಯಾಗಿ ಸೇರಿದಾಗ ಅಲ್ಲಿ ಇದ್ದದ್ದು ಎರಡು ಕೊಠಡಿ, ಒಂದರಿಂದ ನಾಲ್ಕನೇ ತರಗತಿಯವರೆಗಿನ 53 ಮಕ್ಕಳು ಹಾಗೂ ಇಬ್ಬರು ಶಿಕ್ಷಕರು. ಮುಖ್ಯ ಶಿಕ್ಷಕರು ಸಭೆ, ಸಂಬಳದ ಬಿಲ್ಲು, ಪಠ್ಯಪುಸ್ತಕದ ಮೂಟೆ ಎಂದು ತಿಂಗಳಲ್ಲಿ ಹಲವು ದಿನ ತಾಲ್ಲೂಕು ಕೇಂದ್ರಕ್ಕೆ ಹೋಗುತ್ತಿದ್ದರು. ಆ ದಿನಗಳಲ್ಲಿ ಎರಡೂ ಕೊಠಡಿಗಳು ನನ್ನ ಪಾಲಿಗೆ. ಟಿಸಿಎಚ್ ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಚೆನ್ನಾಗಿಯೇ ಕಲಿಸಿದ್ದರು. ಎರಡು ಕೊಠಡಿಗಳ ನಡುವಿನ ಬಾಗಿಲಲ್ಲಿ ನಿಂತು ನಾಲ್ಕು ತರಗತಿಗಳನ್ನು ನಡೆಸುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ಮೊದಲ ದಿನವೇ ಮುಖ್ಯ ಶಿಕ್ಷಕರು ಮೇಜಿನ ಮೇಲೊಂದು ಹುಣಸೆ ಬರಲನ್ನು ಇಟ್ಟು, ‘ಇದೊಂದು ಇಲ್ಲಿರ್ಲಿ ಟೀಚರ್, ಹೊಡೀಬೇಡಿ, ಕಾಣೋ ಹಾಗಿದ್ರೆ ಸಾಕು’ ಎಂದಿದ್ದರು. ಒಳ್ಳೆಯ ಮನುಷ್ಯ; ಅವರು ಹೇಳಿದ್ದರಲ್ಲಿ ಕಪಟವಿರಲಿಲ್ಲ. ಆದರೆ ಕಾಣುವ ಹಾಗೆ ಇಟ್ಟ ಬರಲು ಹೆಚ್ಚು ದಿನ ಮೇಜಿನ ಮೇಲೆಯೇ ಉಳಿಯುವುದಿಲ್ಲ. ಒಂದು ತಿಂಗಳೊಳಗೆ ನಾನೂ ಹೊಡೆದೆ. ತರಗತಿ ನಿಶ್ಶಬ್ದವಾಯಿತು. ಶಾಲೆ ತಪಾಸಣೆಗೆ ಬಂದ ಅಧಿಕಾರಿ ಜಗಲಿಯ ಮೇಲೆ ನಿಂತು ಕಿವಿಗೊಟ್ಟು, ‘ಹೊಸಬರಾದರೂ ಚೆನ್ನಾಗಿ ಹಿಡಿತಕ್ಕೆ ತಂದಿದ್ದೀರಿ’ ಎಂದು ಮೆಚ್ಚಿಕೊಂಡರು. ಆ ಮೆಚ್ಚುಗೆಯಿಂದ ಉಬ್ಬಿಹೋಗಿದ್ದೆ ಎಂಬುದನ್ನು ಮುಚ್ಚಿಡಲಾರೆ.

ಎರಡನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹಿಂದಿನ ಸಾಲಿನಲ್ಲಿ, ಕಿಟಕಿಯ ಪಕ್ಕ, ಗೋಡೆಗೆ ಒರಗಿ ಕೂರುತ್ತಿದ್ದಳು. ಎದ್ದು ಓಡಾಡಿದವಳಲ್ಲ, ಪಕ್ಕದವರೊಡನೆ ಪಿಸುಗುಟ್ಟಿದವಳಲ್ಲ. ಶಿಸ್ತಿನ ಮಗು ಎಂದು ಬೇರೆ ಮಕ್ಕಳಿಗೆ ಅವಳನ್ನೇ ತೋರಿಸುತ್ತಿದ್ದೆ. ಮಾರ್ಚ್ ತಿಂಗಳಲ್ಲಿ ಒಂದು ದಿನ ಓದಲು ಕರೆದಾಗ ಇಡೀ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿದಳು. ಬೆರಳು ಮಾತ್ರ ಬೇರೆ ಯಾವುದೋ ಪುಟದ ಮೇಲಿತ್ತು. ಪುಸ್ತಕ ಮುಚ್ಚಿಸಿ ಸ್ಲೇಟಿನ ಮೇಲೆ ‘ಮರ’ ಎಂದು ಬರೆದು ತೋರಿಸಿದೆ. ಅವಳು ಸ್ಲೇಟನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಹತ್ತು ತಿಂಗಳ ಕಾಲ ಅವಳು ಕಿವಿಯಿಂದಲೇ ಪಾಠ ಹಿಡಿದಿದ್ದಳು. ಒಂದು ಅಕ್ಷರವೂ ಬರುತ್ತಿರಲಿಲ್ಲ. ಗಲಾಟೆ ಮಾಡಿದ್ದರೆ ಜುಲೈನಲ್ಲೇ ನನ್ನ ಕಣ್ಣಿಗೆ ಬೀಳುತ್ತಿದ್ದಳು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಓದಿದ್ದು ಬಹಳ ತಡವಾಗಿ. ಶಿಕ್ಷಕರು ಮಕ್ಕಳ ತಂಟೆಗೆ ಹೇಗೆ ಪ್ರತಿಕ್ರಿಯಿಸುತ್ತಾರೆ, ಗದರುತ್ತಾರೋ ಮೆಲ್ಲಗೆ ಹೇಳುತ್ತಾರೋ ಎಂಬುದರಲ್ಲಿ ತರಗತಿಯ ಗುಟ್ಟು ಅಡಗಿದೆಯೆಂದು ಅವರು ಹುಡುಕಲು ಹೊರಟವರು. ಆದರೆ ಸಮರ್ಥ ಶಿಕ್ಷಕರಿಗೂ ಸೋತ ಶಿಕ್ಷಕರಿಗೂ ಆ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ವ್ಯತ್ಯಾಸವಿದ್ದದ್ದು ತಂಟೆಗೆ ಮೊದಲಿನ ಹೊತ್ತಿನಲ್ಲಿ: ಕೋಣೆಯ ಮೂಲೆಮೂಲೆಯಲ್ಲಿ ಏನು ನಡೆಯುತ್ತಿದೆ ಎಂಬ ಅರಿವು, ಒಂದೇ ವೇಳೆಗೆ ಎರಡು ಕೆಲಸಗಳ ಮೇಲೆ ಗಮನ, ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ತಡವರಿಸದೆ ಸಾಗುವ ಬಗೆ. ನಮ್ಮ ಹಳ್ಳಿಯ ಹೆಂಗಸರು ಒಲೆಯ ಮೇಲೆ ಹಾಲಿಟ್ಟು, ತೊಟ್ಟಿಲು ತೂಗುತ್ತ, ಅಂಗಳದ ಕೋಳಿ ಓಡಿಸುವುದನ್ನು ಕಂಡವರಿಗೆ ಇದು ಹೊಸ ವಿದ್ಯೆಯೇನಲ್ಲ.

ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ದ ಶಿಕ್ಷಕ ಮೊದಲ ದಿನ ಮಕ್ಕಳನ್ನು ಮೌನವಾಗಿ ಕೂರಿಸುವ ಆಟ ಆಡಿಸಲು ಹೋಗಿ ಸೋತು, ಶಾಲೆಯನ್ನೇ ಬಿಟ್ಟುಕೊಟ್ಟು ಮಕ್ಕಳನ್ನು ಮನೆಗೆ ಕಳಿಸುತ್ತಾನೆ. ಮರುದಿನ ಕಥೆ ಹೇಳಲು ತೊಡಗಿದಾಗಷ್ಟೇ ತರಗತಿ ಅವನದಾಗುತ್ತದೆ. ಆ ಪುಟಗಳನ್ನು ಓದುವಾಗ ನನಗೆ ಸಮಾಧಾನವಾದದ್ದು ಕಥೆಯ ಗೆಲುವಿಗಿಂತ ಮೊದಲ ದಿನದ ಸೋಲಿನಿಂದ.

ನನ್ನ ಕೋಣೆ ನಿಜವಾಗಿ ಬದಲಾದದ್ದು ‘ನಲಿ-ಕಲಿ’ ಬಂದ ಮೇಲೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ಪ್ರಯೋಗ ಇದು. ಅಲ್ಲಿನ ಶಿಕ್ಷಕರು ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಬಹುವರ್ಗ ಶಾಲೆಗಳನ್ನು ನಡೆಸುವ ಕ್ರಮವನ್ನು ಕಂಡುಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ಕಾರ್ಡುಗಳನ್ನು ತಾವೇ ರಚಿಸಿಕೊಂಡರು. 2009-10ರಲ್ಲಿ ಅದನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ವಿಸ್ತರಿಸಲಾಯಿತು. ಮರುವರ್ಷ ಮೂರನೆಯದೂ ಸೇರಿತು.

ಬೆಂಚುಗಳು ಹೋಗಿ ಮಕ್ಕಳು ನೆಲದ ಮೇಲೆ ವೃತ್ತವಾಗಿ ಕುಳಿತರು. ಮೂರೂ ತರಗತಿಯ ಮಕ್ಕಳು ಬೆರೆತ ಐದು ಗುಂಪುಗಳು. ಒಂದಕ್ಕೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು, ಮತ್ತೆರಡು ಗುಂಪುಗಳಿಗೆ ಗೆಳೆಯರ ನೆರವು, ಕೊನೆಯದಕ್ಕೆ ಸ್ವಕಲಿಕೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತಾನು ನಿಂತ ಮೆಟ್ಟಿಲನ್ನು ತಾನೇ ನೋಡಿಕೊಂಡು ಮುಂದಿನ ಕಾರ್ಡನ್ನು ಆರಿಸಿಕೊಳ್ಳಬೇಕು. ಅಕ್ಷರಗಳು ಕೂಡ ‘ಅ ಆ’ ಕ್ರಮದಲ್ಲಿ ಬರಲಿಲ್ಲ. ‘ರ ಗ ಸ ದ ಅ’ ಎಂದು ಬಂದವು. ಐದು ಅಕ್ಷರ ಕಲಿತ ಮಗು ಸರ, ದರ, ಅರಸ, ಗರಗಸ ಎಂದು ಪದಗಳನ್ನೇ ಓದಬಲ್ಲದು. ಕಿವಿಯಿಂದ ಪಾಠ ಹಿಡಿದು ಅಡಗಿಕೊಳ್ಳಲು ಇಲ್ಲಿ ಜಾಗ ಕಡಿಮೆ.

ಸದ್ದು ಹೆಚ್ಚಾಯಿತು, ಅದು ನಿಜ. ಆದರೆ ಸದ್ದಿನಲ್ಲೂ ಜಾತಿಗಳಿವೆ. ಕೆಲಸದಲ್ಲಿ ಮುಳುಗಿದ ಗುಂಪಿನ ಗುಜುಗುಜು ಬೇರೆ, ಕೆಲಸ ಮುಗಿದು ಮುಂದೇನೆಂದು ತೋಚದ ಗುಂಪಿನ ಗದ್ದಲ ಬೇರೆ. ಬೆನ್ನು ತಿರುಗಿಸಿ ಕುಳಿತರೂ ಇದು ಕಿವಿಗೆ ತಿಳಿಯುತ್ತದೆ. ಎರಡನೆಯ ಸದ್ದು ಎದ್ದಾಗಲೆಲ್ಲ ತಪ್ಪು ಸಾಮಾನ್ಯವಾಗಿ ನನ್ನದೇ ಆಗಿರುತ್ತಿತ್ತು. ಕಾರ್ಡುಗಳ ಡಬ್ಬಿಯನ್ನು ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಟ್ಟಿರುತ್ತಿದ್ದೆ. ಇಲ್ಲವೇ ಐದೂ ಗುಂಪುಗಳು ನೀರಿನ ಕೊಳಗ ಇರುವ ಒಂದೇ ಬಾಗಿಲ ಬಳಿ ಹಾಯುವಂತೆ ಕೂರಿಸಿರುತ್ತಿದ್ದೆ. ಕೊಳಗವನ್ನು ಜಗಲಿಗೆ ಸಾಗಿಸಿದ ದಿನ ಅರ್ಧ ಜಗಳ ನಿಂತಿತು. ‘ಹೊರಗೆ ಹೋಗ್ಲಾ ಟೀಚರ್’ ಎಂದು ನಿಮಿಷಕ್ಕೊಮ್ಮೆ ಕೇಳುವುದನ್ನು ತಪ್ಪಿಸಲು ಬಾಗಿಲ ಬಳಿ ಎರಡು ಮರದ ತುಂಡುಗಳನ್ನು ನೇತುಹಾಕಿದೆ, ಹುಡುಗಿಯರಿಗೊಂದು, ಹುಡುಗರಿಗೊಂದು. ತುಂಡು ಜಾಗದಲ್ಲಿದ್ದರೆ ಕೇಳದೆ ಹೋಗಬಹುದು. ಎಲ್ಲರಿಗಿಂತ ಹೆಚ್ಚು ತಂಟೆ ಮಾಡುತ್ತಿದ್ದ ಹುಡುಗನಿಗೆ ಕಾರ್ಡು ಜೋಡಿಸಿಡುವ ಜವಾಬ್ದಾರಿ ಕೊಟ್ಟೆ. ಆತ ನನಗಿಂತ ಕಟ್ಟುನಿಟ್ಟಾದ! ನನ್ನ ಕುರ್ಚಿಯನ್ನು ಕಪ್ಪುಹಲಗೆಯ ಮುಂದಿನಿಂದ ತೆಗೆದು ಹಿಂದಿನ ಕಿಟಕಿಯ ಪಕ್ಕಕ್ಕೆ ಹಾಕಿಕೊಂಡೆ. ಆ ಹುಡುಗಿ ಕೂರುತ್ತಿದ್ದಂಥದೇ ಜಾಗ.

ಇಷ್ಟಾಗಿಯೂ ಊರಿನವರಿಗೆ ನಂಬಿಕೆ ಹುಟ್ಟುವುದು ಸುಲಭವಿರಲಿಲ್ಲ. ‘ಬರೀ ಹಾಡು, ಆಟ ಅಂತೀರಿ, ಕಾನ್ವೆಂಟಲ್ಲಿ ಮಕ್ಳು ಪಿಟ್ಟನ್ನಲ್ಲ ನೋಡಿ’ ಎಂದು ತಂದೆಯೊಬ್ಬರು ಮಗನ ವರ್ಗಾವಣೆ ಪತ್ರ ಪಡೆದುಕೊಂಡು ಹೋದರು. ನಗರದ ಓದುಗರು ಇದನ್ನು ಹಳ್ಳಿಯ ಅಜ್ಞಾನವೆಂದು ಭಾವಿಸಬಾರದು. ಮಕ್ಕಳನ್ನು ಶಾಲೆಗೆ ಸೇರಿಸುವಾಗ ಸಾಲಾಗಿ ಕೈಕಟ್ಟಿ ಕುಳಿತ ಮಕ್ಕಳನ್ನು ಕಂಡು ‘ಒಳ್ಳೆಯ ಶಿಸ್ತು’ ಎಂದು ತಲೆದೂಗಿದವರು ಬೆಂಗಳೂರಿನ ಬಡಾವಣೆಗಳಲ್ಲಿ ಎಷ್ಟು ಮಂದಿ ಇಲ್ಲ?

ನಲಿ-ಕಲಿಯನ್ನು ಹೊಗಳುವಷ್ಟಕ್ಕೇ ನಿಲ್ಲಿಸಿದರೆ ಅಪ್ರಾಮಾಣಿಕತೆಯಾದೀತು. ಒಬ್ಬರೇ ಶಿಕ್ಷಕರಿರುವ ದಿನ ಏಣಿ ಗೋಡೆಯ ಅಲಂಕಾರವಾಗುತ್ತದೆ, ಸ್ವಕಲಿಕೆಯ ಗುಂಪು ಕೈಬಿಟ್ಟ ಗುಂಪಾಗುತ್ತದೆ. ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸುವ ಪದ್ಧತಿಯು ಶಿಕ್ಷಕರ ಕೊರತೆಯನ್ನು ಮರೆಸುವ ಪರದೆಯೂ ಆಗಬಲ್ಲದು. 2009ರ ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಸಾಕೆನ್ನುತ್ತದೆ. ಐದು ತರಗತಿಗೆ ಇಬ್ಬರು! ಅದೇ ಕಾಯ್ದೆ 17ನೇ ಸೆಕ್ಷನ್ನಿನಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ, ನ್ಯಾಯವಾದುದೇ. ಆದರೆ ಬರಲನ್ನು ಕಿತ್ತುಕೊಂಡವರು ಅದರ ಜಾಗದಲ್ಲಿ ಇನ್ನೊಬ್ಬ ಶಿಕ್ಷಕರನ್ನು ಕೊಡಬೇಕಿತ್ತು. 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಗಳಿಗೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಬಿಟ್ಟುಕೊಟ್ಟ ಆ ಮೂರೇ ಸಾಕಷ್ಟು ದಿನಗಳನ್ನು ತಿನ್ನುತ್ತವೆ. ಮಾಹಿತಿ ತುಂಬುವ ಕೆಲಸದ ಲೆಕ್ಕ ಬೇರೆ.

ಆ ಹುಡುಗಿ ಮೂರನೇ ತರಗತಿಯ ಅರ್ಧದಲ್ಲಿ ಶಾಲೆ ಬಿಟ್ಟಳು. ಬೇಸಿಗೆ ರಜೆಗೆ ಮೊದಲು ಅವಳಿಗೆಂದು ದಿನಕ್ಕೆ ಅರ್ಧ ಗಂಟೆ ತೆಗೆದಿಟ್ಟಿದ್ದೆ. ಹತ್ತೋ ಹನ್ನೆರಡೋ ಅಕ್ಷರ ಹಿಡಿದಿದ್ದಳು. ಜೂನ್‌ನಲ್ಲಿ ಮುಖ್ಯ ಶಿಕ್ಷಕರು ಮತ್ತೆ ಸಭೆಗಳಿಗೆ ಹೋಗತೊಡಗಿದರು, ನಾನು ಮತ್ತೆ ಬಾಗಿಲಲ್ಲಿ ನಿಂತೆ, ಅರ್ಧ ಗಂಟೆ ತಪ್ಪಿಹೋಯಿತು. ಶೇಂಗಾ ಕೀಳುವ ಕಾಲಕ್ಕೆ ತಾಯಿಯೊಂದಿಗೆ ಹೋದವಳು ಹಿಂದಿರುಗಲಿಲ್ಲ. 2017ರಲ್ಲಿ ಅದೇ ತಾಲ್ಲೂಕಿನ ಇನ್ನೊಂದು ಶಾಲೆಯಲ್ಲಿ ನಾನಿದ್ದಾಗ ಮಗನನ್ನು ಒಂದನೇ ತರಗತಿಗೆ ಸೇರಿಸಲು ಬಂದಳು. ನನ್ನ ಗುರುತು ಅವಳಿಗೇ ಮೊದಲು ಹತ್ತಿದ್ದು. ದಾಖಲಾತಿ ಅರ್ಜಿಯನ್ನು ಮುಂದಿಟ್ಟಾಗ ಪೆನ್ನು ಮುಟ್ಟದೆ ಹೆಬ್ಬೆರಳು ಚಾಚಿದಳು. ಆಮೇಲೆ ಕೋಣೆಯೊಳಗೆ ಇಣುಕಿ, ಮಕ್ಕಳು ಗಲಾಟೆ ಮಾಡುತ್ತಿದ್ದುದನ್ನು ಕಂಡು, ‘ಇವುನ್ನ ಮುಂದ್ಗಡೆ ಕೂರ್ಸಿ ಟೀಚರ್, ಬೋ ಸುಮ್ನಿರ್ತಾನೆ’ ಎಂದಳು.

ಅವನನ್ನು ನನ್ನ ಕುರ್ಚಿಯ ಪಕ್ಕದ ಗುಂಪಿನಲ್ಲಿಯೇ ಕೂರಿಸಿಕೊಂಡೆ. ಮಾತು ಶುರು ಮಾಡಲು ಅವನಿಗೆ ದಸರಾ ರಜೆಯವರೆಗೆ ಹಿಡಿಯಿತು. ಆ ನಡುವೆ ನಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕರನ್ನು ಮೂರು ವಾರ ಬೇರೆಡೆಗೆ ನಿಯೋಜಿಸಿದ್ದರು.