ನಿಮಗಿದು ಗೊತ್ತೇ? ಮಲ್ಲಿಗೆ ಬುಡಕ್ಕೆ ಹಾಕಿದ ಡಿಎಪಿ ಎಲ್ಲಿಯವರೆಗೆ ಹೋಗುತ್ತದೆ!

● ಡಿಎಪಿ ಚೀಲದ ಮೇಲಿನ 18-46ರಲ್ಲಿ 46 ಎಂಬುದು ರಂಜಕದ ಲೆಕ್ಕ. ಹೂವಿನಹಡಗಲಿಯ ಮಲ್ಲಿಗೆ ಬೇರು ಅದನ್ನು ಫಾಸ್ಫೇಟ್ ರೂಪದಲ್ಲಿ ಹೀರುತ್ತದೆ. ಅದರಲ್ಲೊಂದಿಷ್ಟು ಕೋಶಕೇಂದ್ರದ ಪ್ರೋಟೀನುಗಳಿಗೆ ಅಂಟಿಕೊಂಡು, ಅವು ಆರ್‌ಎನ್‌ಎಯನ್ನು ಹಿಡಿಯಬೇಕೋ ಬಿಡಬೇಕೋ ಎಂಬುದನ್ನು ನಿರ್ಧರಿಸುತ್ತದೆ.

● ಗುಟ್ಟಿರುವುದು ವಿದ್ಯುದಂಶದಲ್ಲಿ. ಆರ್‌ಎನ್‌ಎ ಎಳೆ ಋಣ, ಪ್ರೋಟೀನಿನ ಘಟಕವಾದ ಅರ್ಜಿನಿನ್ ಧನ. ಹಾಗಾಗಿ ಅರ್ಜಿನಿನ್ ತುಂಬಿದ ಪ್ರೋಟೀನು ಸಿಕ್ಕಸಿಕ್ಕ ಆರ್‌ಎನ್‌ಎಗೆ ಅಂಟಬಲ್ಲದು. ಪಕ್ಕದ ಸೆರಿನ್ ಎಂಬ ಘಟಕದ ಮೇಲೆ ಫಾಸ್ಫೇಟ್ ಕೂತಿತೋ, ಋಣಕ್ಕೆ ಋಣ ಎದುರಾಗಿ ಆ ಹಿಡಿತ ಸಡಿಲ. ಕೂರಿಸುವ ಕಿಣ್ವ ಕೈನೇಸ್, ಕೀಳುವುದು ಫಾಸ್ಫಟೇಸ್.

● ಈ ಕೂರಿಸಾಟವನ್ನು 1950ರ ದಶಕದಲ್ಲಿ ಸ್ನಾಯುವಿನ ಕಿಣ್ವವೊಂದರಲ್ಲಿ ಕಂಡವರು ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್. ನೊಬೆಲ್ ಬಂದದ್ದು 1992ರಲ್ಲಿ!

● ಆರ್‌ಎನ್‌ಎಯ ಬೇಡದ ತುಂಡು ಕತ್ತರಿಸಿ ಬೇಕಾದ್ದನ್ನು ಜೋಡಿಸುವ ಕೆಲಸ ಸ್ಪ್ಲೈಸಿಂಗ್. ಅದಕ್ಕೆ ನೆರವಾಗುವ, ಸೆರಿನ್-ಅರ್ಜಿನಿನ್ ತುಂಬಿದ ಎಸ್‌ಆರ್ ಪ್ರೋಟೀನಿಗೆ ಎಸ್‌ಆರ್‌ಪಿಕೆ1 ಎಂಬ ಕೈನೇಸ್ ಕೋಶಕೇಂದ್ರದ ಹೊರಗೇ ಫಾಸ್ಫೇಟ್ ಹಚ್ಚಿ ಒಳಗೆ ಕಳಿಸುತ್ತದೆ. ಒಳಗೆ ಸಿಎಲ್‌ಕೆ1 ಇನ್ನಷ್ಟು ಹಚ್ಚಿ ಕೆಲಸಕ್ಕೆ ಹಚ್ಚುತ್ತದೆ. ವಿಚಿತ್ರವೆಂದರೆ, ಕತ್ತರಿಸುವ ಹೊತ್ತಿಗೆ ಅದೇ ಫಾಸ್ಫೇಟನ್ನು ಕೀಳದಿದ್ದರೆ ಕೆಲಸ ಮುಂದೆ ಸಾಗದು.

● ಮನುಷ್ಯರಲ್ಲಿ ಎಸ್‌ಆರ್ ಪ್ರೋಟೀನುಗಳು 12. ತುಂಗಭದ್ರೆಯ ನೀರುಂಡು ಬೆಳೆವ ಭತ್ತದಲ್ಲಿ 22! ಬಿಸಿಲು ಬಿದ್ದರೆ ನೆರಳಿಗೆ ಓಡಲಾರದ ಪೈರಿಗೆ ಇಷ್ಟು ಬೇಕೇನೋ.

● 1989ರಲ್ಲಿ ಯೀಸ್ಟಿನ ಸ್ಪ್ಲೈಸಿಂಗ್ ಕೆಡಿಸುವ ರೂಪಾಂತರಗಳನ್ನು ಹುಡುಕಿ ಪ್ರಕಟಿಸಿದವರಲ್ಲಿ ಉಷಾ ವಿಜಯರಾಘವನ್ ಒಬ್ಬರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಪ್ಲೈಸಿಂಗ್ ಜೊತೆ ಭತ್ತ ಹೂಬಿಡುವ ಬಗೆಯನ್ನೂ ಬೆನ್ನಟ್ಟಿದರು.

● ಸಿಎಲ್‌ಕೆ ಕೈನೇಸ್‌ಗೆ ಜ್ವರಮಾಪಕ ಬೇಡ, ತಾನೇ ಜ್ವರಮಾಪಕ. ಮೈ ತುಸು ತಣ್ಣಗಾದರೆ ಅದು ಚುರುಕು, ಬೆಚ್ಚಗಾದರೆ ಮಂದ ಎಂದು 2020ರಲ್ಲಿ ಬರ್ಲಿನ್ ಸಂಶೋಧಕರು ತೋರಿಸಿದರು. ಇದಕ್ಕೂ ತುಂಗಭದ್ರೆಯ ಮೊಸಳೆಗೂ ನಂಟಿರಬಹುದು! ಮೊಸಳೆ ಮರಿ ಗಂಡೋ ಹೆಣ್ಣೋ ಎಂಬುದು ಮೊಟ್ಟೆ ಹೂತ ಮಣ್ಣಿನ ಬಿಸಿಯ ಮೇಲಿದೆ: 32.5 ಡಿಗ್ರಿ ಆಸುಪಾಸಿನಲ್ಲಿ ಗಂಡು, 31ರ ಕೆಳಗೆ ಹೆಣ್ಣು. ಸರೀಸೃಪಗಳ ಸಿಎಲ್‌ಕೆ ಬಿಸಿಗೆ ಸ್ಪಂದಿಸುವ ಬಗೆ ನೋಡಿದರೆ, ಲಿಂಗ ನಿರ್ಣಯದಲ್ಲಿ ಅದರ ಕೈವಾಡ ಇರಬಹುದೆಂದು ಅದೇ ತಂಡದ ಊಹೆ.